ಬಿಸಿಲ ಕಾಲದ ಪತ್ರಗಳು: ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅದರ ಬೆನ್ನಿಗೇ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೂ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದನ್ನೇ: ಆಸ್ಪತ್ರೆ ಮುಟ್ಟುವವರೆಗೆ ನಾವೇನು ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು? ಬೇಸಿಗೆಯ ಮಟ್ಟಿಗೆ ಇದೇ ಕೇಳಬೇಕಾದ ಪ್ರಶ್ನೆ. ಹೊಲದ ಬದುವಿನಲ್ಲಿ, ಮನೆಯ ಪಡಸಾಲೆಯಲ್ಲಿ ಕಳೆಯುವ ಮೊದಲ ಅರ್ಧ ಗಂಟೆ ನಿಮ್ಮ ಕೈಯಲ್ಲಿದೆ. ಆಗ ಬೇಕಾಗುವ ಸಾಮಾನು ದುಬಾರಿಯದಲ್ಲ. ಬಹಳಷ್ಟು ನಿಮ್ಮೂರಿನ ಉಪಕೇಂದ್ರದಲ್ಲೇ ಪುಕ್ಕಟೆಯಾಗಿ ಸಿಗುತ್ತದೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಹೊಲದಲ್ಲಿ ಕೆಲಸಕ್ಕಿದ್ದ ಒಬ್ಬರು ಮಧ್ಯಾಹ್ನ ಏನೇನೋ ಮಾತಾಡುತ್ತ ಕುಸಿದರು. ಮೈ ಸುಡುತ್ತಿತ್ತು. ನೀರು ಕುಡಿಸಲು ಹೋದರೆ ನುಂಗಲಿಲ್ಲ. ಹೇಗೋ ಒಂದು ಪ್ಯಾರಾಸಿಟಮಾಲ್ ಕೊಟ್ಟು, ಟೆಂಪೊದಲ್ಲಿ ಹಾಕಿಕೊಂಡು ತಾಲ್ಲೂಕಿಗೆ ಒಯ್ದೆವು. ನಾವು ಮಾಡಿದ್ದು ಸರಿಯೇ?
– ರೈತ, ಜೇವರ್ಗಿ ತಾಲ್ಲೂಕು

ಒಯ್ದದ್ದು ಸರಿ. ಆದರೆ ಟೆಂಪೊ ಹತ್ತಿಸುವ ಮುಂಚೆ ಮೈ ತಣಿಸಬೇಕಿತ್ತು. ನೀವು ಬರೆದಿರುವುದು ಶಾಖಾಘಾತದ ಲಕ್ಷಣ. ದೇಹದ ಒಳಗಿನ ಕಾವು 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಮಿದುಳಿಗೆ ಪೆಟ್ಟು ಬೀಳತೊಡಗಿದ ಸ್ಥಿತಿ ಅದು. ಆ ಕಾವಿನಲ್ಲಿ ಇದ್ದಷ್ಟು ಹೊತ್ತೂ ಮಿದುಳು, ಮೂತ್ರಪಿಂಡ, ಯಕೃತ್ತು ಹಾಳಾಗುತ್ತ ಹೋಗುತ್ತವೆ. ಅರ್ಧ ಗಂಟೆಯೊಳಗೆ ಇಳಿಸಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ಒಳಹಳ್ಳಿಯಿಂದ ತಾಲ್ಲೂಕಿಗೆ ಬರುವಷ್ಟರಲ್ಲಿ ಆ ಅರ್ಧ ಗಂಟೆ ದಾರಿಯಲ್ಲೇ ಮುಗಿದಿರುತ್ತದೆ. ಅದಕ್ಕೇ ಮೊದಲು ತಣಿಸಿ, ಆಮೇಲೆ ಸಾಗಿಸಿ ಎನ್ನುವುದು.

ಗುರುತಿಸುವುದು ಹೇಗೆ? ಸುಸ್ತು, ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಇದ್ದರೂ ಮನುಷ್ಯ ನೆಟ್ಟಗೆ ಮಾತಾಡುತ್ತಿದ್ದರೆ ಅದು ಬಿಸಿಲಿನ ಬಳಲಿಕೆ. ನೆರಳಲ್ಲಿ ಮಲಗಿಸಿ, ಮೈ ಒದ್ದೆ ಮಾಡಿ, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ಸನ್ನೋ ಗುಟುಕು ಗುಟುಕಾಗಿ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾರೆ, ಚೇತರಿಸದಿದ್ದರೆ ಆಸ್ಪತ್ರೆ. ಆದರೆ ಮಾತು ತೊದಲಿತು, ಹೆಸರು ಕೇಳಿದರೆ ಇನ್ನೇನೋ ಹೇಳಿದರು, ಕುಡಿದವರಂತೆ ತೂರಾಡಿದರು, ಫಿಟ್ಸ್ ಬಂತು, ಎಚ್ಚರ ತಪ್ಪಿತು ಎಂದಾದರೆ, ಇವುಗಳಲ್ಲಿ ಒಂದೇ ಇದ್ದರೂ ಶಾಖಾಘಾತವೆಂದೇ ನಡೆದುಕೊಳ್ಳಿ. ಬೆವರು ನಿಂತಿದೆಯೇ ಎಂದು ನೋಡುತ್ತ ಕೂರಬೇಡಿ. ದುಡಿಯುವವರಿಗೆ ಮೈ ಬೆವರಿನಲ್ಲಿ ತೊಯ್ದಿರುವಾಗಲೇ ಇದು ಬರುತ್ತದೆ. ಚರ್ಮ ಒಣಗಿ ಬೆಂಕಿಯಂತಿರುವುದು, ತಗಡಿನ ಮನೆಯೊಳಗೆ ದಿನಗಟ್ಟಲೆ ಬೆಂದ ವಯಸ್ಸಾದವರಲ್ಲಿ ಹೆಚ್ಚು.

ಒಬ್ಬರು 108ಕ್ಕೆ ಫೋನ್ ಹಚ್ಚಲಿ. ಉಳಿದವರು ನೆರಳಿಗೆ ತಂದು, ರುಮಾಲು, ಅಂಗಿ, ಬಿಗಿ ಬಟ್ಟೆ ತೆಗೆದು, ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತ ಟವೆಲ್ಲಿನಿಂದಲೋ ರಟ್ಟಿನಿಂದಲೋ ಬಿಡದೆ ಗಾಳಿ ಹಾಕಬೇಕು. ಕಾವನ್ನು ಎಳೆದುಕೊಂಡು ಹೋಗುವುದು ಆವಿಯಾಗುವ ನೀರು. ಹಣೆಗೊಂದು ಒದ್ದೆ ಬಟ್ಟೆ ಹಾಕಿ ಕೂತರೆ ಏನೂ ಇಳಿಯದು. ಪಂಪ್‌ಸೆಟ್ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಂದೇ ಎಚ್ಚರ: ಬಿಸಿಲಿಗೆ ಬಿದ್ದ ಕರಿ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಹೊರಗೆ ಬಿಟ್ಟು, ಕೈಯೊಡ್ಡಿ ನೋಡಿ, ತಣ್ಣಗೆ ಬಂದ ಮೇಲೆ ಮೈಗೆ ಹಿಡಿಯಿರಿ. ಔಷಧ ಹೊಡೆಯುವ ಪಂಪು, ಅದರ ಡ್ರಮ್ಮಿನ ನೀರು ಬೇಡವೇ ಬೇಡ. ನಾಲ್ಕೈದು ಜನರಿದ್ದು ತಾಡಪತ್ರಿ ಇದ್ದರೆ ಅದರ ನಡುವೆ ಮಲಗಿಸಿ, ಅಂಚುಗಳನ್ನು ತೊಟ್ಟಿಲಿನಂತೆ ಎತ್ತಿ ಹಿಡಿದು, ನೀರು ತುಂಬಿಸಿ ಅತ್ತಿತ್ತ ತೂಗಿ. ಒಬ್ಬರು ತಲೆ ಹಿಡಿದಿರಲಿ, ಮುಖ ನೀರಿನ ಮೇಲಿರಲಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ದೊಡ್ಡ ರಕ್ತನಾಳಗಳು ಅಲ್ಲಿ ಚರ್ಮಕ್ಕೆ ಹತ್ತಿರ. ಗಾಡಿ ಬಂದ ಮೇಲೂ ದಾರಿಯುದ್ದಕ್ಕೂ ಒದ್ದೆ ಬಟ್ಟೆ, ಗಾಳಿ ನಿಲ್ಲಬಾರದು.

ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಅಷ್ಟೇ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಜ್ವರದಲ್ಲಿ ಮಿದುಳೇ ಕಾವಿನ ಮಟ್ಟವನ್ನು ಏರಿಸಿಟ್ಟಿರುತ್ತದೆ, ಮಾತ್ರೆ ಆ ಮಟ್ಟವನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಮಟ್ಟ ಸರಿಯಾಗಿಯೇ ಇದ್ದು, ಕಾವನ್ನು ಹೊರದೂಡಲಾಗದೆ ದೇಹ ಸೋತಿರುತ್ತದೆ. ಪೆಟ್ಟು ತಿಂದ ಯಕೃತ್ತಿಗೆ ಮಾತ್ರೆ ಇನ್ನೊಂದು ಹೊರೆ. ಎಚ್ಚರ ಬಂತು, ಮಾತಾಡಿದರು ಎಂದು ದಾರಿಯಿಂದಲೇ ಮನೆಗೆ ತಿರುಗಿಸಬೇಡಿ. ಮೂತ್ರಪಿಂಡ, ಯಕೃತ್ತಿನ ತೊಂದರೆ ಕಾಣಿಸಿಕೊಳ್ಳುವುದು ಒಂದೆರಡು ದಿನದ ಮೇಲೆ, ರಕ್ತಪರೀಕ್ಷೆ ಆಗಲೇಬೇಕು.

ಉದ್ಯೋಗ ಖಾತ್ರಿ ಕೆಲಸದಲ್ಲಿ ನಾನು ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮುಂದಾಳು. 30 ಜನರ ಗುಂಪು. ಎಷ್ಟು ನೀರು ತರಿಸಬೇಕು? ಬೆಂಗಳೂರಿಂದ ವಾಪಸು ಬಂದವರೇ ಹೆಚ್ಚು ಬಳಲುತ್ತಾರೆ, ಯಾಕೆ?
– ಲಿಂಗಸುಗೂರು

ಎರಡನೆಯ ಪ್ರಶ್ನೆಯಲ್ಲೇ ದೊಡ್ಡ ಸಂಗತಿ ಇದೆ. ಬಿಸಿಲಿಗೆ ದೇಹ ಒಗ್ಗಲು 7ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು, ಹೆಚ್ಚು ಬರಲು, ಬೆವರಿನಲ್ಲಿ ಉಪ್ಪು ಕಡಿಮೆ ಹೋಗಲು ದೇಹ ಕಲಿಯುತ್ತದೆ. ಬೆಂಗಳೂರಿನ ಹವೆಯಿಂದ ಬಂದು ಮರುದಿನವೇ ಗುದ್ದಲಿ ಹಿಡಿದವರಿಗೆ ಈ ಕಲಿಕೆ ಇಲ್ಲ. ಬಿಸಿಲಿಗೆ ಕೆಲಸಗಾರರು ಸಾಯುವುದು ಹೆಚ್ಚಾಗಿ ಮೊದಲ ಕೆಲವೇ ದಿನಗಳಲ್ಲಿ. ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೇ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಿ. ಜ್ವರ, ಭೇದಿಯಾಗಿ ವಾರ ಮಲಗಿ ಎದ್ದವರನ್ನೂ ಹೊಸಬರಂತೆಯೇ ನೋಡಿ. ಬಿರುಸಿನವರೆಂದು ಹೆಸರಾದ ಯುವಕರೇ ಇಲ್ಲಿ ಮೋಸ ಹೋಗುತ್ತಾರೆ.

ನೀರಿನ ಲೆಕ್ಕ ಹೀಗೆ: ಬಾಯಾರಲಿ ಬಿಡಲಿ, 20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 250 ಮಿಲಿಲೀಟರ್. ಗಂಟೆಗೆ ಮುಕ್ಕಾಲು ಲೀಟರ್ ಆಯಿತು. 30 ಜನರಿಗೆ 5 ಗಂಟೆಗೆ 112 ಲೀಟರ್ ಚಿಲ್ಲರೆ, ಅಂದರೆ 20 ಲೀಟರಿನ ಕ್ಯಾನು ಆರು. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರನ್ನೇ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ, ಫಿಟ್ಸ್ ಬಂದೀತು. ಹೊತ್ತೇರಿದ ಮೇಲೆ ಒಂದೆರಡು ಸಲ ನೀರಿನ ಬದಲು ತೆಳು ಮಜ್ಜಿಗೆ ಕೊಡಿ. ಲೀಟರಿಗೆ ಅರ್ಧ ಟೀ ಚಮಚ ಉಪ್ಪು. ಬಿಪಿ, ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪಿನ ಮಟ್ಟಿಗೆ ತಮ್ಮ ವೈದ್ಯರ ಮಾತನ್ನೇ ಕೇಳಲಿ. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ. ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಆ ದಿನ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ತೋರಿಸಬೇಕು.

ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೂಲಿಕಾರರ ಹಕ್ಕು, ಯಾರ ಉಪಕಾರವೂ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿಯಿದೆ. ಫ್ಯಾನಿನಡಿ ಕೂತವರಿಗೇ ಅಷ್ಟು ಬೇಕಾದರೆ ಮಣ್ಣು ಅಗೆಯುವವರು 6ಕ್ಕೆ ಶುರುಮಾಡಿ 11ಕ್ಕೆ ಗುದ್ದಲಿ ಇಡಲೇಬೇಕು. ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುವ ಆದೇಶಗಳೂ ಬಂದಿವೆ. ಈ ವರ್ಷದ್ದು ಎಷ್ಟು ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಎರಡು ವರ್ಷದ ಮಗುವಿಗೆ ಭೇದಿ. ಅಂಗಡಿಯಿಂದ ಓಆರ್‌ಎಸ್ ಎಂದು ಬರೆದ ಹಣ್ಣಿನ ರುಚಿಯ ಡಬ್ಬಿ ತಂದು ಕುಡಿಸಿದೆ. ಭೇದಿ ಇನ್ನೂ ಹೆಚ್ಚಾಯಿತು. ಯಾಕೆ ಹೀಗೆ?
– ಸಿಂಧನೂರು

ಅದರಲ್ಲಿ ಸಕ್ಕರೆ ಹೆಚ್ಚಿದ್ದು, ಉಪ್ಪು ಕಡಿಮೆ ಇದ್ದಿರಬೇಕು. ನಿಜವಾದ ಓಆರ್‌ಎಸ್ ಪೊಟ್ಟಣದ ಬೆನ್ನ ಮೇಲೆ ಒಂದು ಲೀಟರಿಗೆ ಈ ಲೆಕ್ಕ ಇರುತ್ತದೆ: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಈ ನಾಲ್ಕು ಅಂಕಿ ಇಲ್ಲದಿದ್ದರೆ ಅದು ತಂಪು ಪಾನೀಯ, ಔಷಧವಲ್ಲ. ಕರುಳಿನ ಗೋಡೆ ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಅದರ ಜೊತೆಗೇ ಸೋಡಿಯಂ ಹೋಗುತ್ತದೆ, ಸೋಡಿಯಂ ಹಿಂದೆ ನೀರು ಹೋಗುತ್ತದೆ. ಎರಡರ ಪ್ರಮಾಣ ಹೊಂದಿದ್ದರೆ ಮಾತ್ರ ಹೀಗೆ. ಸಕ್ಕರೆ ಮಿತಿಮೀರಿದರೆ ದೇಹದ ನೀರೇ ಕರುಳಿಗೆ ಹರಿದು ಭೇದಿ ಜಾಸ್ತಿಯಾಗುತ್ತದೆ. ನಿಮ್ಮ ಮಗುವಿಗೆ ಆಗಿದ್ದು ಇದೇ. ಈ ಸೂತ್ರವಿಲ್ಲದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದೆ. ಆದರೂ ಕೊಳ್ಳುವಾಗ ಬೆನ್ನು ತಿರುಗಿಸಿ ಓದುವ ಅಭ್ಯಾಸ ಬಿಡಬೇಡಿ.

ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿ, ಉಪಕೇಂದ್ರದಲ್ಲಿ, ಅಂಗನವಾಡಿಯಲ್ಲಿ ಕೇಳಿ, ದುಡ್ಡಿಲ್ಲ. ಇಡೀ ಪೊಟ್ಟಣವನ್ನು ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ಕಾಲು ಪೊಟ್ಟಣವನ್ನು ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿಯುವುದು. ಉಪ್ಪು ಹೆಚ್ಚಾದರೆ ಅಪಾಯ, ಕಡಿಮೆಯಾದರೆ ವ್ಯರ್ಥ. ಒಂದು ಲೀಟರಿನ ನೀರಿನ ಬಾಟಲಿಯಿಂದ ನಿಮ್ಮ ಮನೆಯ ಚೊಂಬನ್ನು ಒಮ್ಮೆ ಅಳೆದಿಟ್ಟುಕೊಳ್ಳಿ. ಕಲಸಿದ ಮೇಲೆ ಕುದಿಸಬೇಡಿ, ಸಕ್ಕರೆ ಸೇರಿಸಬೇಡಿ, 24 ಗಂಟೆ ಕಳೆದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಎರಡು ದಾಟಿದವರಿಗೆ 100ರಿಂದ 200. ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ 10 ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು.

ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನವರಿಗೆ 10, ಒಟ್ಟು 14 ದಿನ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಹೆಚ್ಚಿನ ಮನೆಗಳಲ್ಲಿ ಅದನ್ನು ನಿಲ್ಲಿಸಿಬಿಡುತ್ತಾರೆ. ಕರುಳಿನ ಒಳಪದರ ಮತ್ತೆ ಚಿಗುರಲು, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸದಿರಲು ಪೂರ್ತಿ 14 ದಿನ ಬೇಕು. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಕೂಡದು. ಕಣ್ಣು ಒಳಸೇರಿದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನ ಇಳಿದರೆ, ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರು ಗಂಟೆ ಮೂತ್ರವೇ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಮೂರು ತಿಂಗಳ ಕೂಸು. ಬಿಸಿಲಿಗೆ ಗಂಟಲು ಒಣಗುತ್ತೆ, ಎರಡು ಚಮಚ ನೀರು ಹಾಕು ಅಂತ ಅತ್ತೆ ಹೇಳುತ್ತಾರೆ.
– ಬಳ್ಳಾರಿ

ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಆರು ತಿಂಗಳವರೆಗೆ ಎಂಥ ಬಿಸಿಲಿಗೂ ಅದೇ ಸಾಕು. ನೀರು ಹಾಕಿದರೆ ಪುಟ್ಟ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ನೀರಿನ ಜೊತೆ ಸೋಂಕೂ ಹೋದೀತು. ಎರಡು ಗಂಟೆಗೊಮ್ಮೆ ಕುಡಿಯುತ್ತಿದ್ದ ಕೂಸು ಬೇಸಿಗೆಯಲ್ಲಿ ಗಂಟೆಗೊಮ್ಮೆ ಕೇಳಬಹುದು, ಕೊಡಿ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ ಚಿಂತೆಯಿಲ್ಲ. ಅತ್ತೆಯ ಕಾಳಜಿಗೆ ಉತ್ತರವಾಗಿ ನೀರನ್ನು ತಾಯಿ ಕುಡಿಯಲಿ. ಕುಲಾವಿ, ಕಾಲುಚೀಲ ಈಗ ಬೇಡ. ಒಂದು ಪದರ ಹತ್ತಿ ಬಟ್ಟೆ ಸಾಕು.

ನಾನು ಪಂಚಾಯಿತಿಯ ನೀರಗಂಟಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ಕೊನೆ ಓಣಿಯಲ್ಲಿ ವಾಂತಿಭೇದಿ ಬರುತ್ತದೆ. ಪ್ರಮಾಣ ಎಷ್ಟಿರಬೇಕು? ಎಲ್ಲಿ ತಪ್ಪುತ್ತಿದೆ?
– ಕೊಪ್ಪಳ ಜಿಲ್ಲೆ

ಪ್ರಮಾಣ ಸುಲಭ: ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ತೆರೆದ ಬಾವಿಯಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಅಳತೆ ಮೀಟರಿನಲ್ಲಿದ್ದರೆ ಬರುವುದು ಘನ ಮೀಟರು, ಒಂದಕ್ಕೆ 1,000 ಲೀಟರು. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಪುಡಿ 24 ಗ್ರಾಂ.

ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ ಕದಡಿ, 10 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಅದನ್ನು ಬೆರೆಸಿ. ಸುಣ್ಣ ಹಾಕಿದರೆ ನೀರು ಗಡಸಾಗುತ್ತದೆ, ಬೇರೆ ಲಾಭವಿಲ್ಲ. ಬಿಡುವ ಮುಂಚೆ ಒಂದು ಗಂಟೆ ತಡೆಯಿರಿ.

ಇನ್ನು ತಪ್ಪು ಎಲ್ಲಿ? ಮೊದಲು ಪುಡಿಯ ಚೀಲ ನೋಡಿ. ಹೊಸದರಲ್ಲಿ ನೂರಕ್ಕೆ 33 ಪಾಲಿನಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲವನ್ನು ತಗಡಿನ ಪಂಪ್‌ಹೌಸಿನಲ್ಲಿ ಏಪ್ರಿಲ್ ಕಾವಿಗೆ ಬಿಟ್ಟರೆ ಉಳಿಯುವುದು ಬರೀ ಸುಣ್ಣ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕತ್ತಲ ಒಣ ಜಾಗದಲ್ಲಿಡಿ. ಎರಡನೆಯದು, ಕೊಪ್ಪಳಕ್ಕಷ್ಟೇ ಅಲ್ಲ, ಬಯಲುಸೀಮೆಯ ನೂರಾರು ಊರಿಗೆ ಅನ್ವಯಿಸುವುದು: ವಾಲ್ವ್ ಗುಂಡಿ ಮತ್ತು ಗುಂಡಿಯೊಳಗಿನ ನಲ್ಲಿ. ಬೇಸಿಗೆಯಲ್ಲಿ ನೀರು ಏರುವುದಿಲ್ಲವೆಂದು ಮನೆ ಮುಂದೆ ಎರಡಡಿ ಗುಂಡಿ ತೋಡಿ ನಲ್ಲಿಯನ್ನು ನೆಲದ ಕೆಳಗೆ ಇಳಿಸುತ್ತಾರೆ. ಪಕ್ಕದಲ್ಲೇ ಚರಂಡಿ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಏನೂ ಒಳಬಾರದು. ನಿಲ್ಲಿಸಿದ ಕ್ಷಣ ಪೈಪು ಖಾಲಿಯಾಗುತ್ತ ಗುಂಡಿಯಲ್ಲಿ ನಿಂತ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನದ ಮೊದಲ ಬಿಂದಿಗೆಯಲ್ಲಿ ಬರುವುದು ಅದೇ. ಒಬ್ಬೊಬ್ಬರ ಮನೆಯ ಮೋಟರು ನೇರ ಪೈಪಿಗೆ ಹಚ್ಚಿದ್ದರೆ ಈ ಎಳೆತ ಇಮ್ಮಡಿ.

ಹಾಗಾಗಿ ಟ್ಯಾಂಕಿನ ಕೆಳಗೆ ಪರೀಕ್ಷಿಸಿ ಸಮಾಧಾನಪಡಬೇಡಿ. ಕೊನೆ ಓಣಿಯ ಕೊನೆ ನಲ್ಲಿಯ ನೀರನ್ನು ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪ್ ನಳಿಗೆಯಲ್ಲಿ ಹಿಡಿದು ದ್ರಾವಣ ಹಾಕಿ, ಕೂಡಲೇ ಹಳದಿಯನ್ನು ಹೋಲಿಸಿ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು, ವಾಂತಿಭೇದಿ ಇರುವಾಗ 0.5. ಬಣ್ಣವೇ ಬರದಿದ್ದರೆ ಪುಡಿ ಸತ್ತಿದೆ, ಇಲ್ಲವೇ ದಾರಿಯಲ್ಲಿ ಕೊಳಚೆ ಸೇರುತ್ತಿದೆ. ಟ್ಯಾಂಕಿನ ಬಳಿ ಬಣ್ಣ ಬಂದು ಕೊನೆಯಲ್ಲಿ ಬರದಿದ್ದರೆ ಎರಡನೆಯದೇ ಕಾರಣ. ಗುಂಡಿಯೊಳಗಿನ ನಲ್ಲಿಗಳನ್ನು ನೆಲದ ಮೇಲಕ್ಕೆ ತರಿಸದೆ ಎಷ್ಟು ಪುಡಿ ಹಾಕಿದರೂ ಗುಣವಿಲ್ಲ. ಇದನ್ನು ಅಂಕಿಯ ಸಮೇತ ಪಿಡಿಒಗೂ ಆರೋಗ್ಯ ನಿರೀಕ್ಷಣಾಧಿಕಾರಿಗೂ ಬರೆದು ಕೊಡಿ. ಒಂದೇ ಓಣಿಯಲ್ಲಿ ಎರಡು ಮೂರು ಭೇದಿ ಪ್ರಕರಣ ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅಲ್ಲಿಯವರೆಗೆ ಆ ಓಣಿಯವರು ನೀರನ್ನು ಚೆನ್ನಾಗಿ ಕುದಿಸಿ ಕುಡಿಯಲಿ, ಅಥವಾ ಕೇಂದ್ರದಲ್ಲಿ ಸಿಗುವ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಬಳಸಲಿ. ಮಾತ್ರೆಗೆ ಎಷ್ಟು ಲೀಟರ್ ಎಂಬುದು ಪಟ್ಟಿಯ ಮೇಲೆಯೇ ಇರುತ್ತದೆ.

ತಾಯಿಗೆ ಇನ್ಸುಲಿನ್. ಮನೆಯಲ್ಲಿ ಫ್ರಿಜ್ ಇಲ್ಲ. ಮೇ ತಿಂಗಳಲ್ಲಿ ಎಲ್ಲಿ ಇಡುವುದು?
– ಸೇಡಂ

ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಬೇಕು. ಹೊಸ ಸೀಸೆಗಳನ್ನು ಆರೋಗ್ಯ ಕೇಂದ್ರದಿಂದ ಒಂದೊಂದಾಗಿಯೇ ತನ್ನಿ. ಬಳಕೆಯಲ್ಲಿರುವ ಸೀಸೆ 30 ಡಿಗ್ರಿ ಮೀರದಿದ್ದರೆ ಸಾಮಾನ್ಯವಾಗಿ 28 ದಿನ ಕೆಡುವುದಿಲ್ಲ. ಅದಕ್ಕೆ ಎರಡು ಮಡಕೆ ಸಾಕು. ದೊಡ್ಡ ಮಡಕೆಯ ತಳಕ್ಕೆ ಮರಳು ಹಾಕಿ, ಒಳಗೆ ಚಿಕ್ಕ ಮಡಕೆ ಇಟ್ಟು, ನಡುವಿನ ಸಂದಿಗೂ ಮರಳು ತುಂಬಿ. ಬೆಳಿಗ್ಗೆ, ಸಂಜೆ ಮರಳಿಗೆ ನೀರು ಹಾಕಿ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣಗಿದ ಚಿಕ್ಕ ಮಡಕೆಯಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಗಾಳಿ ಆಡುವ ನೆರಳಲ್ಲಿಡಿ. ಬಾಗಿಲು ಮುಚ್ಚಿದ ಕೋಣೆಯ ಮೂಲೆಯಲ್ಲಿಟ್ಟರೆ ಆವಿಯಾಗದೆ ತಣಿಯುವುದೂ ಇಲ್ಲ. ಸೇಡಂನ ಒಣಗಾಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಅಷ್ಟಿಲ್ಲ.

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ಹಾಲಿನಂತಿರುವುದು ಹೊರಳಿಸಿದ ಮೇಲೂ ಗಂಟುಗಂಟಾಗಿ ಉಳಿದರೆ ಬಿಸಾಡಿ. ಬರ್ಫದ ಮೇಲೆ ನೇರ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಬಿಸಿ ಚರ್ಮದಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಬೇಸಿಗೆಯಲ್ಲಿ ಸಕ್ಕರೆ ಹಠಾತ್ತನೆ ಇಳಿಯಬಹುದು. ಬೆವರು, ನಡುಕ, ಗಲಿಬಿಲಿ ಕಂಡರೆ ಬಿಸಿಲೆಂದು ಸುಮ್ಮನಾಗದೆ ಸಕ್ಕರೆ ನೀರು ಕೊಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಅವರು ತೆಗೆದುಕೊಳ್ಳುತ್ತಿದ್ದರೆ ಮಾರ್ಚ್‌ನಲ್ಲೇ ಒಮ್ಮೆ ಬಿಪಿ ತೋರಿಸಿ, ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ತಾವಾಗಿ ನಿಲ್ಲಿಸುವುದು ಬೇಡ.

ಸೆಕೆಗೆ ಎಲ್ಲರೂ ಅಂಗಳದಲ್ಲಿ ಮಲಗುತ್ತೇವೆ. ಹಾವಿನ ಭಯ.
– ಚಳ್ಳಕೆರೆ

ಭಯಕ್ಕೆ ಕಾರಣವಿದೆ, ವಿಶೇಷವಾಗಿ ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು, ಊತ ಹೆಚ್ಚಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ಕಣ್ಣರೆಪ್ಪೆ ಜೋತು ಬಿದ್ದು ಮಾತು ತೊಡರಿದರೆ, ಅಂಗಳದಲ್ಲಿ ಮಲಗಿದ್ದರೆಂಬ ಒಂದೇ ಕಾರಣಕ್ಕೆ ಹಾವಿನ ಕಡಿತವೆಂದು ಧಾವಿಸಬೇಕು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಮಲಗಿಸಿದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಂಚ, ಮತ್ತು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ಇವೆರಡು ಸೊಳ್ಳೆಯ ಜೊತೆ ಹಾವನ್ನೂ ತಡೆಯುತ್ತವೆ.

ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೋಲು ಇಟ್ಟು ಅಂಗ ಅಲುಗದಂತೆ ಸಡಿಲವಾಗಿ ಕಟ್ಟಿ ಹೊತ್ತೊಯ್ಯಿರಿ, ನಡೆಸಬೇಡಿ. ಕಚ್ಚಿದ ಹೊತ್ತನ್ನು, ಊತ ಎಲ್ಲಿಯವರೆಗೆ ಏರಿದೆ ಎಂಬುದನ್ನು ಪೆನ್ನಿನಲ್ಲಿ ಚರ್ಮದ ಮೇಲೇ ಬರೆಯಿರಿ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಔಷಧ ಒಂದೇ. ಮಕ್ಕಳಿಗೂ ದೊಡ್ಡವರಿಗೂ ಅದೇ ಪ್ರಮಾಣ, ಏಕೆಂದರೆ ಹಾವು ಇಬ್ಬರಿಗೂ ಅಷ್ಟೇ ವಿಷ ಬಿಟ್ಟಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ವೈದ್ಯರು ಎರಡು ಮಿಲಿಲೀಟರ್ ರಕ್ತವನ್ನು ಒಣ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಸುಮ್ಮನೆ ಕಾಯಿಸುತ್ತಿದ್ದಾರೆಂದು ಸಿಟ್ಟಾಗಬೇಡಿ, ಮಂಡಲದ ವಿಷ ಪತ್ತೆಯಾಗುವುದು ಹೀಗೆ. ಏನೂ ಆಗಿಲ್ಲವೆನಿಸಿದರೂ 24 ಗಂಟೆ ಅಲ್ಲೇ ಇರಬೇಕು.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ಖಾಸಗಿಯಲ್ಲಿ ತೋರಿಸಿದರೂ ದಾಖಲಾಗುತ್ತದೆ. ನಿಮಗೆ ಹತ್ತಿರದ ಯಾವ ಕೇಂದ್ರದಲ್ಲಿ ಔಷಧವಿದೆ, ಉಸಿರಾಟದ ಯಂತ್ರ ಎಲ್ಲಿದೆ ಎಂಬುದನ್ನು ಇವತ್ತೇ ಕೇಳಿ ಗೋಡೆಗೆ ಬರೆದಿಡಿ.

ನಮ್ಮ ತೋಟದ ಹಿಂದೆ ಮಂಗ ಸತ್ತು ಬಿದ್ದಿದೆ. ದರಗು, ಅಂದರೆ ಉದುರಿದ ಎಲೆ, ತರಲು ಅದೇ ಕಾಡಿಗೆ ಹೋಗುತ್ತೇವೆ.
– ತೀರ್ಥಹಳ್ಳಿ ತಾಲ್ಲೂಕು

ಮುಟ್ಟಬೇಡಿ, ಹೂಳಬೇಡಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯಿಂದ ಅದು ಸತ್ತಿರಬಹುದು. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈಗಲೇ ತಿಳಿಸಿ. ಸತ್ತ ಮಂಗನ ಮೈಮೇಲಿದ್ದ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಚದುರುತ್ತವೆ, ಇಲಾಖೆಯವರು ಆ ಜಾಗದ ಸುತ್ತ ಪುಡಿ ಹೊಡೆಯುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಏಕೆಂದರೆ ಮರಿ ಉಣುಗುಗಳ ಕಾಲ ಅದೇ. ಎಳ್ಳಿಗಿಂತ ಚಿಕ್ಕವಿರುವುದರಿಂದ ಕಚ್ಚಿದ್ದು ಗೊತ್ತಾಗುವುದಿಲ್ಲ.

ಈ ಸಲ ಕೊಟ್ಟಿಗೆಗೆ ಆ ಕಾಡಿನ ದರಗು ಬೇಡ. ಒಂದು ಹೆಡಿಗೆ ಸೊಪ್ಪಿನ ಜೊತೆ ಮನೆಗೇ ಉಣುಗು ಬರುತ್ತದೆ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟದ ದಾರದ ಜಾಗ, ಮಂಡಿಯ ಹಿಂದೆ ನೋಡಿ. ದನಗಳ ಮೈಯನ್ನೂ ನೋಡಿ. ಕಾಡಿಗೆ ಹೋದ 3ರಿಂದ 8 ದಿನದಲ್ಲಿ ಹಠಾತ್ ಜ್ವರ, ಹಣೆ ಒಡೆಯುವ ತಲೆನೋವು, ಸೊಂಟ ಮುರಿಯುವ ಮೈಕೈನೋವು, ಕೆಂಗಣ್ಣು ಬಂದರೆ ರಕ್ತಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಹೆಚ್ಚೀತು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬಂದು, ಆಗ ನಡುಕ, ಗೊಂದಲ ಕಾಣಿಸುತ್ತದೆ. ಗುಣವಾಯಿತೆಂದು ಮೈಮರೆಯಬಾರದ ಹೊತ್ತು ಅದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕಾಯಿಲೆಯವರನ್ನು ದೂರವಿಡಬೇಡಿ. ಮೊದಲು ಕೊಡುತ್ತಿದ್ದ ಲಸಿಕೆ ನಿಂತಿದೆ, ಹಾಗಾಗಿ ಸದ್ಯಕ್ಕೆ ತೈಲ ಮತ್ತು ಎಚ್ಚರವೇ ರಕ್ಷಣೆ.

ಮಗಳಿಗೆ ಅಮ್ಮ ಬಂದಿದೆ. ಸ್ನಾನ ಮಾಡಿಸಬಾರದೇ? ಮನೆಯಲ್ಲಿ ಬಸುರಿ ಇದ್ದಾಳೆ.
– ಅರಸೀಕೆರೆ

ಅಮ್ಮ ಎನ್ನುವುದು ಚಿಕನ್‌ಪಾಕ್ಸ್. ಪೂಜೆ, ಬೇವಿನ ಸೊಪ್ಪು ಇರಲಿ, ಅದರಿಂದ ತೊಂದರೆಯಿಲ್ಲ. ಉಗುರುಬೆಚ್ಚನೆಯ ನೀರಿನ ಸ್ನಾನವೂ ಇರಲಿ; ಕೊಳೆ ಕೂತರೆ ಗುಳ್ಳೆ ಕೀವಾಗುತ್ತದೆ. ಉಜ್ಜದೆ ಒತ್ತಿ ಒರೆಸಿ, ಉಗುರು ಕತ್ತರಿಸಿ. ಆಸ್ಪಿರಿನ್, ಐಬುಪ್ರೊಫೆನ್ ಕೂಡದು. ಎಲ್ಲ ಗುಳ್ಳೆ ಒಣಗಿ ಹಕ್ಕಳೆಗಟ್ಟುವವರೆಗೆ ಶಾಲೆ ಬೇಡ. ಬಸುರಿಗೆ ಹಿಂದೆ ಬಂದಿಲ್ಲವಾದರೆ ಗುಳ್ಳೆ ಏಳುವುದನ್ನು ಕಾಯದೆ ಇವತ್ತೇ ವೈದ್ಯರಿಗೆ ತೋರಿಸಿ. ದೊಡ್ಡವರಿಗೆ ಬಂದರೆ ಕಾಯಿಲೆ ಬಿರುಸು. ಗುಳ್ಳೆ ಕಂಡ 24 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಗುಣ ಹೆಚ್ಚು.

108ಕ್ಕೆ ಫೋನ್ ಮಾಡಿದಾಗ ಗಾಬರಿಯಲ್ಲಿ ಏನು ಹೇಳಬೇಕೋ ತೋಚುವುದಿಲ್ಲ.
– ಯಾದಗಿರಿ

ಮೊದಲು ಜಾಗ, ಆಮೇಲೆ ಕಾಯಿಲೆ. ಜಿಲ್ಲೆ, ತಾಲ್ಲೂಕು, ಊರು, ಊರೊಳಗೆ ಎಲ್ಲರಿಗೂ ಗೊತ್ತಿರುವ ಗುರುತು: ಶಾಲೆ, ಹನುಮಪ್ಪನ ಗುಡಿ, ಟ್ಯಾಂಕು. ಒಂದೇ ಹೆಸರಿನ ಊರು ಎರಡಿದ್ದರೆ ಪಕ್ಕದ ಊರಿನ ಹೆಸರೂ ಹೇಳಿ. ರೋಗಿಯ ವಯಸ್ಸು, ಎಚ್ಚರವಿದೆಯೇ, ಉಸಿರಿದೆಯೇ. ಶಾಖಾಘಾತ ಅಥವಾ ಹಾವು ಎಂದು ಅನುಮಾನವಿದ್ದರೆ ಆ ಪದವನ್ನೇ ಬಳಸಿ. ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ಅದರಿಂದ ನಿರ್ಧಾರವಾಗುತ್ತದೆ. ಅವರು ಇಡುವವರೆಗೆ ನೀವು ಫೋನ್ ಇಡಬೇಡಿ, ಅದೇ ನಂಬರಿನಿಂದ ಬೇರೆ ಯಾರಿಗೂ ಕರೆ ಮಾಡಬೇಡಿ, ಚಾಲಕ ತಿರುಗಿ ಕರೆಯುತ್ತಾನೆ. ಒಬ್ಬ ಹುಡುಗನನ್ನು ಮುಖ್ಯರಸ್ತೆಗೆ ಕಳಿಸಿ, ರಾತ್ರಿಯಾದರೆ ಕೈಗೆ ಬ್ಯಾಟರಿ ಕೊಡಿ. ತುರ್ತಿಲ್ಲದ ಸಲಹೆಗೆ 104 ಇದೆ.